ಮೆಣಸಕ್ಕ ಮಲಗಿದ ವರ್ಷ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಮೂಗಿಗೆ ಬಡಿದದ್ದು ಕಾಳುಮೆಣಸಿನ ವಾಸನೆ. ಅದರ ಹಿಂದೆಯೇ ಒಣಗಿದ ಬೇವಿನ ಸೊಪ್ಪು, ಹಳೇ ಪಂಚೆಯ ಗಂಜಿ, ಎಲ್ಲಕ್ಕಿಂತ ಕೆಳಗೆ, ಬೇಕಾದವರಿಗಷ್ಟೇ ಸಿಗುವ ಹಾಗೆ, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಜಿಡ್ಡು ವಾಸನೆ. ಗೋರೆಗಾಂವಿನ ನಮ್ಮ ಹಳೇ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ತೀರ್ಮಾನವಾದ ಮೇಲೆ ಅಪ್ಪ ಈ ಗೊಂಬೆಗಳ ಟ್ರಂಕನ್ನು ಟೆಂಪೋದಲ್ಲಿ ಪವಾಯಿಯ ನನ್ನ ಮನೆಗೆ ಕಳಿಸಿದ್ದರು. ಬಹಳ ದಿನ ಅದನ್ನು ಬಾಲ್ಕನಿಯಲ್ಲೇ ಇಟ್ಟಿದ್ದೆ. ಅದರ ಮೇಲೆ ತುಳಸಿ ಕುಂಡ ಇಟ್ಟೆ, ಒಗೆದ ಬಟ್ಟೆ ಇಟ್ಟೆ, ತೆಗೆಯುವುದೊಂದು ಬಿಟ್ಟು ಎಲ್ಲ ಮಾಡಿದೆ. ಒಳಗೆ ಯಾರು ಮಲಗಿದ್ದಾರೆ ಅಂತ ನನಗೆ ಗೊತ್ತಿತ್ತಲ್ಲ, ಅದಕ್ಕೆ.

ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬೇಕು. ಎಲ್ಲರ ಕೆಲಸಕ್ಕೂ ಒದಗುವ, ಆದರೆ ಮನೆಯಲ್ಲಿ ಇಂಥದ್ದು ತನ್ನದು ಅಂತ ಬೆರಳಿಟ್ಟು ತೋರಿಸಲು ಏನೂ ಇಲ್ಲದವರು. ನಮ್ಮ ಮನೆಯಲ್ಲಿ ಅದು ವಿಮಲತ್ತೆ, ಅಪ್ಪನ ತಂಗಿ. ಮದುವೆಯಾಗಿ ತುಮಕೂರಿಗೆ ಹೋದವಳು ಎರಡನೇ ವರ್ಷಕ್ಕೇ ಒಂದು ಸೂಟ್‌ಕೇಸ್ ಹಿಡಿದು ಮುಂಬಯಿಗೆ ಬಂದಳಂತೆ. ಯಾಕೆ ಅಂತ ಯಾರು ಕೇಳಿದರೂ ಅವಳದು ಒಂದೇ ಉತ್ತರ: "ಆಗ್ಲಿಲ್ಲ, ಬಂದೆ." ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಟ್ರಂಕ್ ಕಾಲ್ ಜೋಡಿಸುವ ಕೆಲಸ. ಕಿವಿಗೆ ಹೆಡ್‌ಫೋನ್ ಏರಿಸಿ ಊರೂರಿನ ದನಿ ಕೇಳೀ ಕೇಳೀ ಅವಳ ಕಿವಿ ಎಷ್ಟು ಸೂಕ್ಷ್ಮವಾಗಿತ್ತೆಂದರೆ, ಆ ಕಡೆಯವರು "ಹಲೋ" ಅಂದ ರೀತಿಯಲ್ಲೇ ಸಾವಿನ ಸುದ್ದಿಯೋ ಹೆರಿಗೆಯ ಸುದ್ದಿಯೋ ಹೇಳಿಬಿಡುತ್ತಿದ್ದಳು. ನಾನು ಸ್ಕೂಲಿನಿಂದ ಬಂದು "ಅತ್ತೇ" ಅಂದರೆ ಸಾಕು, "ಗಣಿತದಲ್ಲಿ ಎಷ್ಟು ಬಂತು, ನಿಜ ಹೇಳು" ಅನ್ನುತ್ತಿದ್ದಳು. ಅವಳೆದುರು ಸುಳ್ಳು ನಡೆಯುತ್ತಿರಲಿಲ್ಲ.

ಎರಡು ರೂಮು, ಒಂದು ಹಾಲು, ಒಂದು ಅಡುಗೆಮನೆ. ಒಂದು ರೂಮಿನಲ್ಲಿ ಅಪ್ಪ ಅಮ್ಮ, ಇನ್ನೊಂದರಲ್ಲಿ ಅಜ್ಜಿ ಮತ್ತು ನಾನು. ಅತ್ತೆಗೆ ಹಾಲಿನಲ್ಲಿ ಒಂದು ಮಡಿಸುವ ಮಂಚ. ಟೀವಿ ನೋಡುವವರೆಲ್ಲ ಎದ್ದ ಮೇಲೆ ಅದನ್ನು ಬಿಚ್ಚಬೇಕು, ಹಾಲಿನವನು ಬೆಲ್ ಒತ್ತುವ ಮೊದಲು ಮಡಿಸಿ ಗೋಡೆಗೆ ಒರಗಿಸಬೇಕು. ನೈಟ್ ಡ್ಯೂಟಿ ಇದ್ದ ವಾರವಂತೂ ಅವಳ ಪಾಡು ಬೇಡ. ಬೆಳಿಗ್ಗೆ ಲೋಕಲ್ ಹಿಡಿದು ಬಂದು ಎರಡು ತುತ್ತು ತಿಂದು ಮಲಗಿದರೆ, ಪಕ್ಕದ ಮನೆಯ ಸಾವಂತ್ ಕಾಕು ಹರಟೆಗೆ ಬರುತ್ತಿದ್ದರು, ಗ್ಯಾಸಿನವನು ಬರುತ್ತಿದ್ದ, ಅಜ್ಜಿಯ ಭಜನೆಯ ಗೆಳತಿಯರು ಬರುತ್ತಿದ್ದರು. ಬಂದವರು ಅವಳ ಕಾಲು ಸರಿಸಿ ಮಂಚದ ತುದಿಯಲ್ಲೇ ಕೂತು ಮಾತಾಡುತ್ತಿದ್ದರು. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ನಿದ್ದೆ ಬಂದವಳ ಹಾಗೆ ನಟಿಸುತ್ತ ಬಿದ್ದಿರುತ್ತಿದ್ದಳು. ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು. ಸೆರಗಿನ ಮೇಲಿಂದ ಅವಳ ಮೂಗು ಹಿಡಿಯುತ್ತಿದ್ದೆ.

ಮೆಣಸಕ್ಕ ಹುಟ್ಟಿದ್ದು ಒಂದು ದಸರಾದಲ್ಲಿ. ಮೈಸೂರಿನವರು ಎಲ್ಲಿಗೆ ಹೋದರೂ ಗೊಂಬೆ ಕೂರಿಸುವುದನ್ನು ಬಿಡುವವರಲ್ಲ. ಟ್ರಂಕು, ಸ್ಟೂಲು, ಬಿಸ್ಕತ್ತಿನ ಡಬ್ಬಗಳನ್ನು ಜೋಡಿಸಿ ಮೇಲೆ ಅಪ್ಪನ ಬಿಳಿ ಪಂಚೆ ಹಾಸಿದರೆ ನಮ್ಮ ಮೆಟ್ಟಿಲು ಸಿದ್ಧ. ಮೇಲೆ ಪಟ್ಟದ ಗೊಂಬೆಗಳು, ಅಜ್ಜಿಯ ಮದುವೆಯಲ್ಲಿ ಬಂದ ಮರದ ರಾಜ ರಾಣಿ. ಆ ವರ್ಷ ಟ್ರಂಕು ಬಿಚ್ಚುವಾಗ ಮಣ್ಣಿನ ಶೆಟ್ಟರ ಜೋಡಿಯಲ್ಲಿ ಶೆಟ್ಟಮ್ಮ ಒಡೆದು ಹೋಗಿದ್ದಳು. ಜಾಗ ಖಾಲಿ ಬಿಡಬಾರದು ಅಂತ ಅಜ್ಜಿ ಪೇಚಾಡುತ್ತಿದ್ದಾಗ ಅತ್ತೆ ತನ್ನದೊಂದು ಹಳೇ ಕರೀ ಲಂಗ ಹರಿದು, ಹತ್ತಿ ತುಂಬಿ, ಗೊಂಬೆ ಹೊಲಿದಳು. ಕಣ್ಣಿಗೆ ಎರಡು ಕಾಳುಮೆಣಸು, ಮೂಗುಬೊಟ್ಟಿಗೆ ಲವಂಗದ ಮೊಗ್ಗು. ತಲೆಗೂದಲಿಗೆ, ತಾನು ಬಾಚಿದಾಗ ಉದುರಿದ್ದನ್ನು ಸುತ್ತಿ ಕಿಟಕಿ ಸಂದಿಯಲ್ಲಿ ಇಟ್ಟಿದ್ದಳಲ್ಲ, ಆ ಉಂಡೆ. ಕೈಗೆ ತಂತಿ ಬಗ್ಗಿಸಿ ಮಾಡಿದ ದೋಸೆ ಮೊಗಚುವ ಕೈ. ಸೊಂಟಕ್ಕೆ, ಯಾವುದೋ ಕೆಟ್ಟುಹೋದ ಬೀಗದ ಪುಟ್ಟ ಬೀಗದಕೈ.

"ಅಯ್ಯೋ ರಾಮ, ಕೂದಲು! ಯಾರಾದ್ರೂ ಮಾಟ ಮಾಡಿಸಿಬಿಟ್ಟಾರು ಕಣೇ" ಅಂದಳು ಅಜ್ಜಿ.

"ಮಾಡೋಕೆ ಬೇರೆಯವರು ಯಾಕಮ್ಮ? ಇವಳೇ ಮಾಟಗಾತಿ" ಅಂದಳು ಅತ್ತೆ, ಗೊಂಬೆಯನ್ನು ಶೆಟ್ಟರ ಪಕ್ಕ ನಿಲ್ಲಿಸುತ್ತ. ಶೆಟ್ಟರು ಆ ವರ್ಷದಿಂದ ಸ್ವಲ್ಪ ಗಾಬರಿಯಾದವರ ಹಾಗೆಯೇ ಕಾಣುತ್ತಿದ್ದರು.

ಸಂಜೆ ಬಿಲ್ಡಿಂಗಿನ ಹುಡುಗಿಯರೆಲ್ಲ ಗೊಂಬೆ ಬಾಗಿನಕ್ಕೆ ಬರುತ್ತಿದ್ದರು. ಕೊಬ್ಬರಿ ಮಿಠಾಯಿಯೋ ಉಸಲಿಯೋ, ಅಂಗೈಗೆ ಹಾಕಿದ್ದನ್ನು ತಿನ್ನುತ್ತ ಗೊಂಬೆಗಳ ಮುಂದೆ ಕೂತರೆ ಅತ್ತೆ ಮೆಣಸಕ್ಕನ ಕತೆ ಶುರುಮಾಡುತ್ತಿದ್ದಳು, ಕನ್ನಡ ಹಿಂದಿ ಮರಾಠಿ ಮೂರನ್ನೂ ಕಲಸಿ. ಕೆಳಗೆ ಕಾಂಪೌಂಡಿನಲ್ಲಿ ಗರ್ಬಾದ ಧ್ವನಿವರ್ಧಕ ಟೆಸ್ಟಿಂಗ್ ಟೆಸ್ಟಿಂಗ್ ಅನ್ನುತ್ತಿದ್ದರೂ ಒಬ್ಬ ಹುಡುಗಿಯೂ ಏಳುತ್ತಿರಲಿಲ್ಲ. ಮರಾಠಿ ಮಕ್ಕಳ ಬಾಯಲ್ಲಿ ಅವಳು ಕಾಳಿಮಿರಿ ಮಾವ್ಶಿ ಆದಳು. ಉಳಿದ ಕತೆಗಳ ಮಾಟಗಾತಿಯರ ಹಾಗೆ ಮಕ್ಕಳನ್ನು ಹಿಡಿಯುವವಳಲ್ಲ ನಮ್ಮ ಮೆಣಸಕ್ಕ, ಯಾರನ್ನೂ ಕಪ್ಪೆ ಮಾಡುವವಳಲ್ಲ. ಊರಾಚೆ ಒಂದೇ ಬಾಗಿಲಿನ ಮನೆ, ಅದರ ಬೀಗದಕೈ ಅವಳ ಸೊಂಟದಲ್ಲಿ. ಬೇಕೆನಿಸಿದಾಗ ದೋಸೆ ಹುಯ್ದು ತಿನ್ನುತ್ತಾಳೆ, ಬೇಕೆನಿಸಿದಾಗ ಹಗಲಲ್ಲೇ ನಿದ್ದೆ ಮಾಡುತ್ತಾಳೆ. ಅವಳಿಗೆ ಗೊತ್ತಿದ್ದ ಮಂತ್ರ ಒಂದೇ ಒಂದು: "ಆಗಲ್ಲ." ಅದನ್ನು ಕೇಳಿದವರ ಕಾಲು ನಿಂತಲ್ಲೇ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ರಾಜ ಪಲ್ಲಕ್ಕಿ ಕಳಿಸಿದ, ಅರಮನೆಗೆ ಬಾ ಅಂತ. ಆಗಲ್ಲ ಅಂದಳು, ಪಲ್ಲಕ್ಕಿಯವರು ಅಲ್ಲೇ ಅಂಟಿದರು. ಮಂತ್ರಿ ಓಡಿ ಬಂದು ದೂರದಲ್ಲೇ ನಿಂತು ಕೇಳಿದ, "ಕಾರಣವಾದರೂ ಹೇಳಮ್ಮ ತಾಯಿ." ಆಗ ಮೆಣಸಕ್ಕ ಹೇಳುವ ಮಾತನ್ನು ನಾವೆಲ್ಲ ಒಟ್ಟಿಗೆ ಕೂಗಿ ಹೇಳುತ್ತಿದ್ದೆವು: "ಕಾರಣ ಕೊಟ್ರೆ ಕಾರಣದ ಜೊತೆ ಜಗಳಕ್ಕೆ ಬರ್ತೀಯ. ಆಗಲ್ಲ ಅಂದ್ರೆ ಆಗಲ್ಲ!"

ಕತೆ ಮುಗಿದ ಮೇಲೆ ಅಭ್ಯಾಸ. ಒಬ್ಬೊಬ್ಬಳೂ ಎದ್ದು ನಿಂತು ಆ ಮಂತ್ರ ಹೇಳಬೇಕು. ಅತ್ತೆ ಕಣ್ಣುಮುಚ್ಚಿ ಕೇಳುತ್ತಿದ್ದಳು. "ಕಿರುಚಬೇಡ, ಕಿರುಚಿದ್ರೆ ಹೆದರಿದೀಯ ಅಂತ ಗೊತ್ತಾಗತ್ತೆ." "ಗಂಟಲಿಂದ ಬಂತು ಇದು, ಹೊಟ್ಟೆಯಿಂದ ಬರಲಿ." "ಊಹೂಂ, ಕೊನೇಲಿ ನಡುಗಿತು. ಇನ್ನೊಂದ್ಸಲ." ನನ್ನದು ಯಾವಾಗಲೂ ನಡುಗುತ್ತಿತ್ತು. ಎಷ್ಟು ದಸರಾ ಕಳೆದರೂ ಅವಳಿಂದ ನನಗೆ ಪಾಸ್ ಸಿಗಲಿಲ್ಲ. ಆದರೂ ಆ ಮಂತ್ರ ನನ್ನ ಕೈಬಿಡಲಿಲ್ಲ. ನಮ್ಮ ಕಡೆಯ ದೂರದ ನೆಂಟರೊಬ್ಬರು ಬಾಂದ್ರಾದಿಂದ ಆಗಾಗ ಬರುತ್ತಿದ್ದರು. ಬಂದಾಗೆಲ್ಲ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವ ಚಪಲ ಅವರಿಗೆ. ನನಗಾಗಲೇ ಹತ್ತು ವರ್ಷ. ಒಂದು ಭಾನುವಾರ ಅವರು ಕೈಚಾಚಿ "ಬಾ ಪುಟ್ಟಿ" ಅಂದಾಗ ನಾನು ಮೀಟರ್ ಬಾಕ್ಸಿನ ಕಡೆ ನೋಡಿ "ಆಗಲ್ಲ" ಅಂದೆ. ಅವರ ಕೈ ಗಾಳಿಯಲ್ಲೇ ನಿಂತಿತು. ಅಮ್ಮ "ದೊಡ್ಡೋರಿಗೆ ಹಾಗನ್ನಬಾರ್ದು" ಅಂತ ಗದರಿದಳು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಬಾಯಿಗೆ ಬೆಲ್ಲದ ಉಂಡೆ ಇಟ್ಟಳು. ಅವರು ಮತ್ತೆ ನನ್ನನ್ನು ಕರೆಯಲಿಲ್ಲ.

ಮೀಟರ್ ಬಾಕ್ಸ್ ಯಾಕೆಂದರೆ, ಮೆಣಸಕ್ಕ ವರ್ಷವಿಡೀ ಇರುತ್ತಿದ್ದದ್ದು ಅಲ್ಲೇ, ಬಾಗಿಲ ಪಕ್ಕದಲ್ಲಿ. ವಿಜಯದಶಮಿಯ ಸಂಜೆ ಆರತಿ ಎತ್ತಿ ಪಟ್ಟದ ಗೊಂಬೆಗಳನ್ನು ಮಲಗಿಸುತ್ತಾರಲ್ಲ, ಆಮೇಲೆ ಎಲ್ಲವನ್ನೂ ಬಟ್ಟೆ ಸುತ್ತಿ ಟ್ರಂಕಿಗೆ ಸೇರಿಸುತ್ತಾರಲ್ಲ, ಆಗ ಅಜ್ಜಿ ಮೆಣಸಕ್ಕನನ್ನೂ ಮಲಗಿಸಲು ಹೋದರೆ ಅತ್ತೆ ತಡೆಯುತ್ತಿದ್ದಳು. "ಅವಳು ಮಲಗಲ್ಲಮ್ಮ. ಯಾರಾದ್ರೂ ಒಬ್ಬರು ಎದ್ದಿರಬೇಕು." ಹಾಗೆ ಅವಳು ಹನ್ನೆರಡು ತಿಂಗಳೂ ನಮ್ಮ ಬಾಗಿಲು ಕಾಯುತ್ತಿದ್ದಳು, ಸೊಂಟದಲ್ಲಿ ಬೀಗದಕೈ ತೂಗಿಸಿಕೊಂಡು.

ನಾನು ಬೆಳೆದೆ. ಬೆಳೆಯುವುದು ಅಂದರೇನು, ಕಿವಿ ಬೆಳೆಯುವುದು. ಸಾವಂತ್ ಕಾಕು ಅಮ್ಮನ ಹತ್ತಿರ ದನಿ ತಗ್ಗಿಸಿ "ನವರ್‍ಯಾನೆ ಟಾಕ್ಲೇಲಿ" ಅನ್ನುವುದು, ಗಂಡ ಬಿಟ್ಟವಳು ಅನ್ನುವುದು, ಕೇಳಿಸತೊಡಗಿತು. ಭಜನೆಯವರು ಅರಿಶಿನ ಕುಂಕುಮ ಕೊಡುವಾಗ ಅತ್ತೆಯ ಹತ್ತಿರ ಒಂದು ಗಳಿಗೆ ತಡೆದು ಮುಂದೆ ಹೋಗುವುದು ಕಾಣಿಸತೊಡಗಿತು. ಸ್ಕೂಲಿನಲ್ಲಿ ಗೆಳತಿಯೊಬ್ಬಳು, "ನಿನ್ನ ಬುವಾ ಯಾಕೆ ನಿಮ್ಮನೇಲೇ ಇರ್ತಾಳೆ?" ಅಂತ ಕೇಳಿದಾಗ, "ರಜಕ್ಕೆ ಬಂದಿದಾಳೆ" ಅಂದೆ. ಆ ಹೊತ್ತಿಗೆ ಅತ್ತೆಯ ರಜ ಶುರುವಾಗಿ ಹದಿನೈದು ವರ್ಷವಾಗಿತ್ತು. ಅತ್ತೆ ಕಲಿಸಿದ ಧೈರ್ಯ ಬೇಕು, ಅತ್ತೆಯ ಹೆಸರು ಮೈಗೆ ಮೆತ್ತಬಾರದು. ನನ್ನ ಜಾಣತನ ಇಷ್ಟು.

ತೊಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನನಗೆ ಹದಿನಾರು. ಅತ್ತೆ ಬೋರಿವಲಿಯಲ್ಲಿ ಒಂದು ರೂಮು ಕಿಚನ್ನು ನೋಡಿ ಬಂದಳು, ಬಾಡಿಗೆಗೆ. ನಮ್ಮ ಮನೆಯಿಂದ ಮೂರೇ ಸ್ಟೇಷನ್ನು. ಮೂರು ಸ್ಟೇಷನ್ನು ಸ್ವಾಮೀ! ಸಂಜೆ ಮನಸ್ಸು ಬಂದರೆ ಹೊರಟು ಬಂದು ಅಮ್ಮನ ಕೈಯ ಸಾರನ್ನ ಉಂಡು ಹೋಗಬಹುದು. ಅತ್ತೆಯನ್ನು ಅಷ್ಟು ಖುಷಿಯಲ್ಲಿ ನಾನು ಅದರ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ನಿಂತಲ್ಲಿ ನಿಲ್ಲಲಾರಳು. ಅಡುಗೆಮನೆಯ ಕಿಟಕಿ ಎಲ್ಲಿ, ನಲ್ಲಿ ಎಲ್ಲಿ, ಕೈಯಲ್ಲೇ ಗಾಳಿಯಲ್ಲಿ ಬರೆದು ತೋರಿಸಿದಳು. "ಅಣ್ಣ, ನಿದ್ದೆ ಮಾಡೋಕೆ ಒಂದು ಬಾಗಿಲು ಬೇಕು ಕಣೋ. ಒಳಗಿನಿಂದ ಚಿಲಕ ಹಾಕ್ಕೊಳ್ಳೋ ಅಂಥದ್ದು. ಅಷ್ಟೇ" ಅಂದಳು. ಆದರೆ ಮನೆ ಮಾಲೀಕನದೊಂದು ಷರತ್ತು: ಒಂಟಿ ಹೆಂಗಸಿಗೆ ಕೊಡುವುದಿಲ್ಲ, ಫ್ಯಾಮಿಲಿ ಇರಬೇಕು. ಅತ್ತೆ ಹೇಗೋ ಮಾತಾಡಿ ಒಪ್ಪಿಸಿದ್ದಳು. ಜೊತೆಗೆ ಅಣ್ಣನ ಮಗಳು ಇರುತ್ತಾಳೆ, ಕಾಲೇಜಿಗೆ ಅಲ್ಲಿಂದಲೇ ಹೋಗುತ್ತಾಳೆ ಅಂದರೆ ಆಯಿತು ಅಂದಿದ್ದನಂತೆ.

ಇದು ನಡೆದದ್ದು ಆಯುಧಪೂಜೆಯ ಸಂಜೆ, ಗೊಂಬೆಗಳ ಮುಂದೆ. ಅಪ್ಪ ಬಹಳ ಹೊತ್ತು ಕನ್ನಡಕ ಒರೆಸಿದರು. ತಂಗಿಯನ್ನು ಒಂಟಿಯಾಗಿ ಕಳಿಸಿದ ಅಂತ ಊರಲ್ಲಿ ಮಾತು ಬರಬಾರದು, ಬೇಡ ಅಂದ ಅಂತ ತಂಗಿಯಿಂದಲೂ ಮಾತು ಬರಬಾರದು. "ಸುಮಾ ಬರ್ತೀನಿ ಅಂದ್ರೆ ನಂದೇನೂ ಅಡ್ಡಿಯಿಲ್ಲಮ್ಮ. ಅವಳನ್ನೇ ಕೇಳು" ಅಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಮ್ಮ ಬಾಗಿನದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ಜಪಮಣಿ ನಿಲ್ಲಿಸಿದಳು. ಅತ್ತೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು, ಪುಟ್ಟ ಮಕ್ಕಳಿಗೆ ಕತೆ ಹೇಳುವಾಗ ಕೂರುತ್ತಿದ್ದ ಹಾಗೆ, ನಾನು ಅವಳಿಗಿಂತ ಎತ್ತರವಾಗಿದ್ದರೂ.

"ಬರ್ತೀಯೇನೇ ಸುಮಿ? ನನ್ನ ಜೊತೆ?"

ಕತೆಗಳಲ್ಲಿ ಮೆಣಸಕ್ಕ ಯಾರನ್ನೂ ಏನನ್ನೂ ಕೇಳಿದವಳಲ್ಲ. ಅತ್ತೆಯೂ ನಮ್ಮ ಮನೆಯಲ್ಲಿ ಬಾಯಿಬಿಟ್ಟು ಏನಾದರೂ ಕೇಳಿದ್ದು ಅದೊಂದೇ ಸಲ. ನನ್ನ ತಲೆಯಲ್ಲಿ ಆ ಕ್ಷಣ ಏನಿತ್ತು ಅಂತ ಕೇಳಿದರೆ ನಾಚಿಕೆಯಾಗುತ್ತದೆ. ಬೋರಿವಲಿಯ ಆ ಬಿಲ್ಡಿಂಗಿನ ಮೆಟ್ಟಿಲು ಇತ್ತು. ಆ ಮೆಟ್ಟಿಲ ಮೇಲೆ ಇಬ್ಬರು ಹೆಂಗಸರು ತರಕಾರಿ ಹಿಡಿದು ಹತ್ತುವುದು ಇತ್ತು. ಅಲ್ಲಿಯ ಯಾವಳೋ ಸಾವಂತ್ ಕಾಕು ನಮ್ಮನ್ನು ನೋಡಿ ದನಿ ತಗ್ಗಿಸುವುದು ಇತ್ತು. ಇವಳೂ ಅವಳ ಹಾಗೇ ಅಂತೆ, ಅನ್ನುವುದು ಇತ್ತು. ಮಾಟಗಾತಿ ಕತೆಯಲ್ಲಿ ಚೆಂದ, ಅವಳ ಮನೆಯಲ್ಲಿ ಸಂಸಾರ ಹೂಡಲು ಯಾರಿಗೆ ಬೇಕು?

"ಆಗಲ್ಲ" ಅಂದೆ.

ಅಪ್ಪ, "ಯಾಕೇ?" ಅಂದರು, ಸುಮ್ಮನೆ ಅನ್ನಬೇಕಲ್ಲ ಅಂತ. ನಾನು ಕಾರಣ ಕೊಡಲಿಲ್ಲ. ಕೊಟ್ಟಿದ್ದರೆ ಅತ್ತೆ ಆ ಕಾರಣದ ಜೊತೆ ವಾದ ಮಾಡಬಹುದಿತ್ತು, ಬೈಯಬಹುದಿತ್ತು, ಕೆನ್ನೆಗೆ ಬಾರಿಸಬಹುದಿತ್ತು, ಬಹುಶಃ ಗೆದ್ದೂ ಬಿಡುತ್ತಿದ್ದಳು. ಅವಳೇ ಕಲಿಸಿದ ವಿದ್ಯೆ, ಅವಳ ಮೇಲೆಯೇ. ಗುರುವಿಗೇ ತಿರುಮಂತ್ರ ಹಾಕುವುದು ಅಂದರೆ ಇದು. ಅತ್ತೆ ಯಾಕೆ ಅಂತ ಕೇಳಲೇ ಇಲ್ಲ. ಮೊಣಕಾಲ ಮೇಲೆ ಕೈಯೂರಿ ಎದ್ದಳು. "ಉಸಲಿ ಆರೋಯ್ತು ಅತ್ತಿಗೆ, ಮಕ್ಕಳು ಬರೋ ಹೊತ್ತಾಯ್ತು" ಅಂತ ಅಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡಳು. ಆ ಸಂಜೆಯೂ ಕತೆ ಹೇಳಿದಳು. ಯಾವ ಕತೆ ಅಂತ ನನಗೆ ನೆನಪಿಲ್ಲ, ನಾನು ರೂಮಿನಲ್ಲಿ ಪುಸ್ತಕ ತೆರೆದು ಕೂತಿದ್ದೆ.

ಮಾರನೆಯ ಬೆಳಿಗ್ಗೆ ದಿನದ ಹಾಗೇ ನನಗೆ ಜಡೆ ಹಾಕಿದಳು. ಹಣಿಗೆ ಸಿಕ್ಕಿಗೆ ಸಿಗದಂತೆ ಎಷ್ಟು ಹಗುರವಾಗಿ ಬಾಚುತ್ತಿದ್ದಳೋ ಅಷ್ಟೇ ಹಗುರವಾಗಿ ಬಾಚಿದಳು. ಟೇಪು ಕಟ್ಟಿ ಮುಗಿಸಿ, ಬೆನ್ನ ಹಿಂದಿನಿಂದಲೇ ಅಂದಳು: "ನಿನ್ನೆ ಚೆನ್ನಾಗಿ ಹೇಳ್ದೆ ಕಣೇ. ದನಿ ನಡುಗಲಿಲ್ಲ. ಪಾಸು." ನಾನು ತಿರುಗಿ ನೋಡಲಿಲ್ಲ. ಸಂಜೆ ವಿಜಯದಶಮಿಯ ಆರತಿ ಆಯಿತು. ಅಜ್ಜಿ ರಾಜ ರಾಣಿಯನ್ನು ಮಲಗಿಸಿದ ಮೇಲೆ ಅತ್ತೆ ತಾನೇ ಮೆಣಸಕ್ಕನನ್ನು ಎತ್ತಿ, ಸೆರಗಿನಿಂದ ಧೂಳು ಒರೆಸಿ, ಅವರ ಪಕ್ಕದಲ್ಲಿ ಮಲಗಿಸಿದಳು. "ಯಾಕೇ, ಅವಳು ಮಲಗಲ್ಲ ಅಂತಿದ್ದೆ?" ಅಂದಳು ಅಜ್ಜಿ. "ವಯಸ್ಸಾಯ್ತಲ್ಲಮ್ಮ ಅವಳಿಗೂ" ಅಂತ ನಕ್ಕಳು. ಮೀಟರ್ ಬಾಕ್ಸಿನ ಮೇಲೆ ಆಮೇಲೆ ಅಪ್ಪ ಕೊಡೆ ಇಡತೊಡಗಿದರು.

ಬೋರಿವಲಿಯ ಮಾತು ಮತ್ತೆ ಏಳಲಿಲ್ಲ. ಅತ್ತೆ ಎಲ್ಲಿಗೂ ಹೋಗಲಿಲ್ಲ. ಎಕ್ಸ್‌ಚೇಂಜಿನಲ್ಲಿ ಯಂತ್ರಗಳು ಬಂದವು, ಟ್ರಂಕ್ ಕಾಲ್ ನಿಂತಿತು, ರಿಟೈರೂ ಆದಳು. ಅದೇ ಹಾಲು, ಅದೇ ಮಡಿಸುವ ಮಂಚ, ಹಗಲು ಮುಖದ ಮೇಲೆ ಅದೇ ಸೆರಗು. ಅಜ್ಜಿ ಹೋದ ಮೇಲೆ ಅವಳ ರೂಮು ಓದುವ ನನಗೆ ಬೇಕಾಯಿತು. ನಾನು ಹೊರಟ ಮೇಲೆ ಬಂದುಹೋಗುವವರಿಗೆ ಬೇಕಾಯಿತು. ಬೇಡ ಅಂತ ಯಾರೂ ಅವಳಿಗೆ ಅನ್ನಲಿಲ್ಲ, ತಗೋ ಅಂತಲೂ ಅನ್ನಲಿಲ್ಲ. ನಾನಂತೂ ಊರಿಗೆಲ್ಲ ಆಗಲ್ಲ ಅನ್ನುತ್ತ ಮುಂದೆ ಬಂದೆ. ವರದಕ್ಷಿಣೆ ಕೇಳಿದ ಗಂಡಿನವರಿಗೆ ಅಂದೆ, ಸುಳ್ಳು ಲೆಕ್ಕಕ್ಕೆ ಸಹಿ ಹಾಕೆಂದ ಮೇಲಧಿಕಾರಿಗೆ ಅಂದೆ. ಜನ ಗಟ್ಟಿಗಿತ್ತಿ ಅಂದರು. ಪವಾಯಿಯಲ್ಲಿ ನನ್ನ ಹೆಸರಿನ ಮನೆಯಾಯಿತು, ಬೀಗದಕೈ ನನ್ನ ಬ್ಯಾಗಿನಲ್ಲಿ. ಅತ್ತೆಗಾಗಿಯೇ ಒಂದು ರೂಮು ಬಿಟ್ಟು ಕರೆಯಲು ಹೋದೆ. "ಒಳಗಿನಿಂದ ಚಿಲಕ ಇದೆ ಅತ್ತೆ" ಅಂದೆ. ಅವಳು ನನ್ನ ಕೆನ್ನೆ ಸವರಿ, "ಆಗಲ್ಲ ಕಣೇ" ಅಂದಳು. ಕಾರಣ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ. ಎರಡು ಮಳೆಗಾಲ ಕಳೆದ ಮೇಲೆ, ಒಂದು ಮಧ್ಯಾಹ್ನ, ಆ ಹಾಲಿನಲ್ಲೇ ತೀರಿಕೊಂಡಳು. ನಿದ್ದೆ ಮಾಡುತ್ತಿದ್ದಾಳೆ ಅಂದುಕೊಂಡು ಅಮ್ಮ ಸಂಜೆಯವರೆಗೆ ಎಬ್ಬಿಸಿರಲಿಲ್ಲ.

ಈಗ ಆ ಬಿಲ್ಡಿಂಗೂ ಇಲ್ಲ. ಹಾಲು, ಮೀಟರ್ ಬಾಕ್ಸು, ಕಿಟಕಿ ಸಂದಿ ಎಲ್ಲ ಕಲ್ಲುಪುಡಿಯಾಗಿ ಲಾರಿಯಲ್ಲಿ ಹೋದವು. ಟ್ರಂಕಿನಲ್ಲಿ ಮೆಣಸಕ್ಕ ಪಟ್ಟದ ರಾಣಿಯ ಪಕ್ಕದಲ್ಲಿ ಅಂಗಾತ ಮಲಗಿದ್ದಾಳೆ. ಒಂದು ಕಣ್ಣು ಉದುರಿದೆ, ಬೀಗದಕೈಗೆ ತುಕ್ಕು ಹಿಡಿದಿದೆ, ಕೂದಲು ಮಾತ್ರ ಹಾಗೇ ಕಪ್ಪಗಿದೆ. ಅದನ್ನು ಮೂಗಿಗೆ ಹಿಡಿದು ಬಾಲ್ಕನಿಯ ನೆಲದ ಮೇಲೆ ಕೂತುಬಿಟ್ಟೆ. ಕೆಳಗೆ ಮಕ್ಕಳು ಆಡುತ್ತಿದ್ದವು.

ಅತ್ತೇ, ಇಷ್ಟು ವರ್ಷ ನಿನ್ನ ಆ ಪಾಸನ್ನು ನಂಬಿದ ಹಾಗೆ ನಟಿಸುತ್ತ ಬದುಕಿದೆ. ನಡುಗಿತ್ತು ನನ್ನ ದನಿ. ಕೊನೆಯಲ್ಲಿ, ಯಾವಾಗಲೂ ನಡುಗುತ್ತಿದ್ದ ಜಾಗದಲ್ಲೇ, ನಡುಗಿತ್ತು. ನನಗೇ ಕೇಳಿಸಿತ್ತು. ಒಂದು ಹಲೋದಲ್ಲಿ ಸಾವನ್ನೂ ಹೆರಿಗೆಯನ್ನೂ ಗುರುತಿಸುತ್ತಿದ್ದ ನಿನಗೆ, ಮೊಳದಷ್ಟು ದೂರದಲ್ಲಿ ಕೂತಿದ್ದ ನಿನಗೆ, ಕೇಳಿಸಲಿಲ್ಲವೇ?